ದ್ಯಾವೀರಿ ಆಡಿದ ಮಾತು

ಅವರೆಕಾಳು ಹಿತುಕುತ್ತಾ ಕೂತಿದ್ದೆವು, ನಾನು ಮತ್ತು ನನ್ನ ತಂಗಿ ದ್ಯಾವೀರಿ. ರಾತ್ರಿಯೆಲ್ಲ ನೆಂದ ಕಾಳು ಸಿಪ್ಪೆ ಸಡಿಲಿಸಿಕೊಂಡು ಬೆರಳಿಗೆ ಜಾರುತ್ತಿತ್ತು. ಒತ್ತಿದರೆ ಬೇಳೆ ಚಿಮ್ಮಿ ಸ್ಟೀಲಿನ ಬೋಗುಣಿಗೆ ಬೀಳುತ್ತದೆ. ಬಿದ್ದದ್ದು ಕೇಳುವುದಿಲ್ಲ. ಅದು ರಾತ್ರಿ, ನಾವು ಅದೇ ಬೇಳೆಯ ಸಾರು ಉಣ್ಣುತ್ತಿರುವಾಗ, ಈ ಜಗಲಿಯ ಮೇಲೆ ಟಣ್ ಟಣ್ ಎಂದು ಕೇಳುತ್ತದೆ. ಈಗ ಕೇಳುತ್ತಿದ್ದದ್ದು ನಿನ್ನೆ ರಾತ್ರಿಯದು: ಜೀರುಂಡೆ, ಎದುರು ಮನೆಯ ಮುದುಕನ ಕೆಮ್ಮು, ಎಲ್ಲೋ ಒಂದು ನಾಯಿ. ನಮ್ಮೂರಿನಲ್ಲಿ ಸದ್ದು ಅರ್ಧ ದಿನ ತಡವಾಗಿ ಬರುತ್ತದೆ, ಹುಟ್ಟಿದ ಜಾಗಕ್ಕೇ ಬರುತ್ತದೆ. ಮಾತನ್ನು ನಾವು ಮೊದಲು ತುಟಿಯ ಮೇಲೆ ನೋಡುತ್ತೇವೆ, ಆಮೇಲೆ ಕೇಳುತ್ತೇವೆ. ಹೊರಗಿನವರಿಗೆ ಇದು ಸೋಜಿಗ. ನಮಗೆ ಹಸಿವು ನಿದ್ದೆಗಳ ಹಾಗೆ ದಿನದ ಸಂಗತಿ.

ಸಿಪ್ಪೆ ಹಾಕಲು ಮೊನ್ನೆಯ ಪೇಪರು ಹಾಸಿದ್ದೆ. ಓದು ತಡವಾಗಿ ಕಲಿತವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಹಾಸಿದ್ದು, ಸುತ್ತಿದ್ದು, ಹರಿದದ್ದು ಏನೇ ಇರಲಿ, ಅಕ್ಷರ ಕಂಡರೆ ಓದದೆ ಬಿಡುವುದಿಲ್ಲ. ಹಾಗೆ ಸಿಪ್ಪೆ ಸರಿಸಿ ಸರಿಸಿ ಓದುತ್ತಿದ್ದವಳ ಕೈ ನಿಂತುಹೋಯಿತು. ಪೇಪರಿನಲ್ಲಿ ದ್ಯಾವೀರಿ ಇದ್ದಳು. ಈಗಿನ ಹಲ್ಲಿಲ್ಲದ ದ್ಯಾವೀರಿಯಲ್ಲ. ತಲೆಗೂದಲು ಇನ್ನೂ ಕಪ್ಪಗಿದ್ದಾಗಿನ, ನಾರಿನ ಗಿರಣಿಯ ಅಂಗಳದಲ್ಲಿ ಬಾಯಿ ತೆರೆದು ನಿಂತ ದ್ಯಾವೀರಿ. ಕೆಳಗೆ ಬರೆದಿದ್ದರು: ಫ್ರಾನ್ಸ್ ದೇಶದ ಮಹಾನ್ ನಿರ್ದೇಶಕ ವಿಲ್ಮೇ ಅವರ ಹಳೆಯ ಚಿತ್ರವನ್ನು ಈಗ ತೊಳೆದು, ಗೀರು ತೆಗೆದು, ಹೊಸದು ಮಾಡಿದ್ದಾರೆ, ಅವರ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ದೊಡ್ಡ ಉತ್ಸವದಲ್ಲಿ ತೋರಿಸುತ್ತಾರೆ. ಚಿತ್ರದ ಜೀವವೆಂದರೆ ಹೆಸರಿಲ್ಲದ ಈ ಕೂಲಿ ಹೆಂಗಸಿನ ಮೌನ. ಜೀರುಂಡೆಯ ದನಿಯ ನಡುವೆ ಅವಳು ಬಾಯಿ ತೆರೆಯುತ್ತಾಳೆ, ಏನನ್ನೂ ಹೇಳುವುದಿಲ್ಲ. ಆಕಾಶಕ್ಕೆ ಕೈ ತೋರಿಸಿ ಜಗತ್ತನ್ನು ಕ್ಷಮಿಸಿಬಿಡುತ್ತಾಳೆ.

ದ್ಯಾವೀರಿ ನನ್ನ ಮುಖ ನೋಡಿ, ಏನಂತೆ ಅಂದಳು.

"ನೀನು ಕ್ಷಮಿಸಿದ್ದೀಯಂತೆ."

"ಯಾರ್ನ?"

"ಎಲ್ಲಾರ್ನೂವೆ."

ಅವಳು ಇನ್ನೂ ಒಂದು ಹಿಡಿ ಕಾಳು ಹಿತುಕಿದಳು. ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ನಾನ್ ಯಾವಾಗಕ್ಕ ಕ್ಷಮಿಸ್ದೆ?" ಅಂದಳು.

ಆ ಅಂಗಳದಲ್ಲಿ ಅವಳು ನಿಜಕ್ಕೂ ಆಡಿದ್ದೇನು ಎಂದು ಬರೆಯಬೇಕೆಂದೇ ನಾನು ಮುದಿತನದಲ್ಲಿ ಅಕ್ಷರ ಕಲಿತದ್ದು. ಕಲಿತೂ ಆ ನಿರ್ದೇಶಕನಿಗೆ ಬರೆದು ಕಳಿಸದೆ ವರ್ಷಗಟ್ಟಲೆ ಕೂತಿದ್ದೆ. ಯಾಕೆ ಕೂತೆ ಎಂಬುದಕ್ಕೆ ಮೊದಲಿನಿಂದ ಹೇಳಬೇಕು.

ನಮ್ಮೂರಿನಲ್ಲಿ ಒಂದು ಪದ್ಧತಿಯಿದೆ. ಬೆಳಗ್ಗೆ ಒಬ್ಬರನ್ನು ಬೈದರೆ, ಸಂಜೆ ಅದೇ ಜಾಗಕ್ಕೆ ಬಂದು, ಬೈಸಿಕೊಂಡವರ ಪಕ್ಕದಲ್ಲಿ ಕೂತು, ತನ್ನ ಬೈಗುಳವನ್ನು ತಾನೇ ಕೇಳಬೇಕು. ಗಂಡ ಹೆಂಡತಿ ಅಡುಗೆಮನೆಯಲ್ಲಿ, ನೆರೆಹೊರೆಯವರು ಬೇಲಿಯ ಹತ್ತಿರ, ಅಣ್ಣತಮ್ಮಂದಿರು ಹೊಲದ ಬದುವಿನ ಮೇಲೆ ಹಾಗೆ ಕೂತಿರುವುದನ್ನು ಯಾವ ಸಂಜೆಯಾದರೂ ನೋಡಬಹುದು. ಬೈದವನ ಸಿಟ್ಟು ಅಷ್ಟು ಹೊತ್ತಿಗೆ ಆರಿರುತ್ತದೆ, ದನಿ ಮಾತ್ರ ಬಿಸಿಬಿಸಿಯಾಗಿ ಬರುತ್ತದೆ. ಎಷ್ಟೋ ಜನ ಅದು ಬರುವ ಮೊದಲೇ ತಪ್ಪಾಯಿತು ಎಂದು ಎದ್ದುಬಿಡುತ್ತಾರೆ. ಇದರಿಂದ ನಮ್ಮೂರು ಬಾಳಿತು ಎಂದು ಹಿರಿಯರು ಹೇಳುತ್ತಿದ್ದರು. ಇರಬಹುದು. ಆದರೆ ಸಾವ್ಕಾರ ಜವರಪ್ಪನ ನಾರಿನ ಗಿರಣಿಗೆ ಆಳೆತ್ತರದ ಗೋಡೆಯಿತ್ತು, ಗೇಟಿತ್ತು, ಬೀಗವಿತ್ತು. ಹಗಲು ಒಳಗೆ ಆಡಿದ್ದೆಲ್ಲ ರಾತ್ರಿ ಬೀಗದೊಳಗೆ ಕೇಳುತ್ತಿತ್ತು, ಕೇಳುವವರಿರಲಿಲ್ಲ. ಜವರಪ್ಪ ಹೆಂಗಸರನ್ನು ದಿನವಿಡೀ ಬೈದ. ಒಂದು ಸಂಜೆಯೂ ಕೂತು ಕೇಳಲಿಲ್ಲ.

ಗಿರಣಿಯಲ್ಲಿ ತೆಂಗಿನ ಮೊಟ್ಟೆಯನ್ನು, ಅಂದರೆ ಕಾಯಿಯ ಮೇಲಿನ ಸಿಪ್ಪೆಯನ್ನು, ಮೊಳೆ ಹೊಡೆದ ಉರುಳೆಗೆ ಕೊಟ್ಟು ನಾರು ತೆಗೆಯುತ್ತಾರೆ. ಬೇರೆ ಊರಿನ ಗಿರಣಿಯಲ್ಲಿ ಸೆರಗು ಸಿಕ್ಕರೆ ಕೂಗಿಕೊಳ್ಳುತ್ತಾರೆ, ಎಂಜಿನ್ನು ನಿಲ್ಲಿಸುತ್ತಾರೆ. ನಮ್ಮಲ್ಲಿ ಕೂಗು ಯಾರಿಗೆ ಕೇಳಬೇಕು? ಅದಕ್ಕೇ ಗಿರಣಿಯ ನಡುವೆ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ಒಬ್ಬ ಹೆಂಗಸನ್ನು ನಿಲ್ಲಿಸುತ್ತಿದ್ದರು. ಅವಳ ಕೈಯಲ್ಲಿ ಕೆಂಪು ಬಟ್ಟೆ. ಎಲ್ಲರ ಮೇಲೂ ಅವಳ ಕಣ್ಣು. ಎಲ್ಲಿ ಯಾರ ಕೈ ತಡವರಿಸಿದರೂ ಅವಳು ಬಟ್ಟೆ ಬೀಸಬೇಕು, ಎಂಜಿನ್ನಿನವನು ನಿಲ್ಲಿಸಬೇಕು. ಅವಳಿಗೆ ಬೇರೆ ಕೆಲಸ ಹೇಳುವ ಹಾಗಿಲ್ಲ, ನೀರು ಕುಡಿಯಲು ಇಳಿದರೂ ಇನ್ನೊಬ್ಬಳು ಹತ್ತಬೇಕು. ಜವರಪ್ಪನ ಕಣ್ಣಿಗೆ ಅವಳು ಸುಮ್ಮನೆ ನಿಂತವಳು. ಮಗಳ ಮದುವೆ ಗೊತ್ತಾದಾಗ, ಹಪ್ಪಳ ಒತ್ತಲು ಆಳು ಸಾಲದು ಎಂದು ಕೆಂಪು ಬಟ್ಟೆಯವಳನ್ನು ಮನೆಗೆ ಕರೆಸಿಕೊಂಡ. ಕಟ್ಟೆ ಖಾಲಿ ಬಿತ್ತು.

ದ್ಯಾವೀರಿಯ ಮಗಳು ಪುಟ್ಟನಂಜಿ ಆಗ ತಾಯಿಯ ಜೊತೆ ಗಿರಣಿಗೆ ಹೋಗತೊಡಗಿ ಎರಡು ತಿಂಗಳಾಗಿತ್ತೋ ಏನೋ. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ತಾಯಿಯ ಬೆನ್ನ ಹಿಂದಿನ ಉರುಳೆಗೆ ಅವಳನ್ನು ಹಾಕಿದ್ದರು. ಅವಳು ತೆಗೆದ ನಾರು ತಾಯಿಯ ಕೈಗೆ ಬರುತ್ತಿತ್ತು. ಅವತ್ತು ಹೊತ್ತು ಹುಟ್ಟಿದ ಸ್ವಲ್ಪ ಹೊತ್ತಿಗೆ ದ್ಯಾವೀರಿಯ ಕೈಗೆ ನಾರು ಬರುವುದು ನಿಂತಿತು. ಮಾತಿಗೆ ಕೂತಳೇನೋ ಎಂದು ಬೈಯಲು ತಿರುಗಿದಳು. ಬೆನ್ನ ಹಿಂದೆ ಒಂದೇ ಮಾರು ದೂರದಲ್ಲಿ ಮಗಳು ಕೂಗಿದ್ದಳು, ಕೂಗಿ ಮುಗಿದಿತ್ತು.

ನಮ್ಮೂರಿನಲ್ಲಿ ಯಾರಾದರೂ ಹಾಗೆ ಸತ್ತರೆ, ಅವರ ಕೊನೆಯ ದನಿ ಬರುವ ಹೊತ್ತಿಗೆ ಮನೆಯವರು ಆ ಜಾಗಕ್ಕೆ ಹೋಗಿ ಕೂರುತ್ತಾರೆ. ಆ ದನಿಯನ್ನು ಒಂಟಿಯಾಗಿ ಬಿಡಬಾರದು. ನಾನು ದ್ಯಾವೀರಿಯ ರಟ್ಟೆ ಹಿಡಿದುಕೊಂಡು ಸಂಜೆ ಗಿರಣಿಗೆ ಹೋದೆ. ಗೇಟು ತೆಗೆಯಲಿಲ್ಲ. ಸಾವ್ಕಾರರ ಅಪ್ಪಣೆಯಿಲ್ಲ ಎಂದು ಕಾವಲುಗಾರ ಕೋಲು ಅಡ್ಡ ಹಿಡಿದ. ಗೋಡೆಯ ಹೊರಗೇ ನಿಂತೆವು. ಒಳಗೆ ಬೆಳಗಿನ ಎಂಜಿನ್ನು ಬಡಿದುಕೊಳ್ಳುತ್ತಿತ್ತು. ಅದರ ಮೇಲೆ, ಅವ್ವಾ ಎಂದು ಬಂತು. ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ನಾನು ಬರೆಯುವುದಿಲ್ಲ. ದ್ಯಾವೀರಿ ಗೋಡೆಗೆ ಅಂಗೈ ಆನಿಸಿಕೊಂಡು ನಿಂತಿದ್ದಳು. ಆಮೇಲೆ ಅವಳನ್ನು ಬಿಡಿಸಿ ಕರೆತರಲು ನನ್ನೊಬ್ಬಳ ಕೈಯಲ್ಲಿ ಆಗಲಿಲ್ಲ.

ಹುಡುಗಿ ಕೂದಲು ಬಿಟ್ಟುಕೊಂಡು ಬಂದಿದ್ದಳು, ಅದು ಸಿಕ್ಕಿಕೊಂಡಿತು, ಅವಳದೇ ತಪ್ಪು ಎಂದು ಜವರಪ್ಪ ಹೇಳಿದ. ತಾಲ್ಲೂಕಿನಿಂದ ಒಬ್ಬ ಸಾಹೇಬ ಹಗಲು ಬಂದ. ಹಗಲು ಅಂಗಳದಲ್ಲಿ ಏನು ಕೇಳೀತು, ಹಿಂದಿನ ರಾತ್ರಿಯ ಜೀರುಂಡೆ. ಬರೆದುಕೊಂಡು, ಎಳನೀರು ಕುಡಿದು, ಮಧ್ಯಾಹ್ನದ ಬಸ್ಸಿಗೆ ಹೋದ. ಗಿರಣಿಯ ಹೆಂಗಸರು ತಲೆ ಬಗ್ಗಿಸಿ ಮೊಟ್ಟೆ ಎತ್ತಿದರು. ಕೆಂಪು ಬಟ್ಟೆಯವಳು ತಾನು ಕಟ್ಟೆಯ ಮೇಲೇ ಇದ್ದೆ ಎಂದು ತುಟಿ ಅಲುಗಿಸಿದಳು. ಅವಳ ತುಟಿಯ ಅಂಚಿನಲ್ಲಿ ಇನ್ನೂ ಉದ್ದಿನ ಹಿಟ್ಟಿತ್ತು ಎಂದು ದ್ಯಾವೀರಿ ಇವತ್ತಿಗೂ ಹೇಳುತ್ತಾಳೆ.

ದ್ಯಾವೀರಿ ಸುಮ್ಮನಾಗಲಿಲ್ಲ. ಒಂದು ಬೆಳಗ್ಗೆ ಪೇಟೆಯ ಚೌಕಕ್ಕೆ ಹೋಗಿ ನಡುವೆ ನಿಂತು, ನಡೆದದ್ದನ್ನೆಲ್ಲ ಗಂಟಲು ಹರಿಯುವ ಹಾಗೆ ಹೇಳಿದಳು. ನೋಡಲು ಇಷ್ಟವಿಲ್ಲದವರು ಮುಖ ತಿರುಗಿಸಿಕೊಂಡರು. ನಮ್ಮಲ್ಲಿ ಅದು ಸುಲಭ, ಮುಖ ತಿರುಗಿಸಿದರೆ ಮಾತು ತಲುಪುವುದಿಲ್ಲ. ತಿರುಗಿಸಲಿ, ಸಂಜೆ ದನಿ ಬರುತ್ತಲ್ಲ, ಆಗ ಎಲ್ಲಿಗೆ ಹೋಗುತ್ತಾರೆ ನೋಡುತ್ತೇನೆ ಅಂದಳು. ಸಂಜೆ ಚೌಕದಲ್ಲಿ ಜನ ಸೇರಿದರು. ಬಂದದ್ದು ಡೀಸೆಲ್ ಎಂಜಿನ್ನಿನ ಸದ್ದು. ಬೆಳಗ್ಗೆ ಅವಳು ಮಾತಾಡುವಾಗ ಜವರಪ್ಪನ ಆಳು ಅವಳ ಹಿಂದೆ ಗಾಡಿಯ ಮೇಲೆ ನೀರೆತ್ತುವ ಎಂಜಿನ್ನು ತಂದು ನಿಲ್ಲಿಸಿ ಬಿಟ್ಟಿದ್ದ. ಬೆನ್ನ ಹಿಂದೆ ಎಂಜಿನ್ನು ಓಡುತ್ತಿದ್ದುದು ಅವಳಿಗೆ ಗೊತ್ತಾಗುವುದು ಹೇಗೆ? ಡಗಡಗ ಎಂಬುದರ ಅಡಿಯಲ್ಲಿ ಅವಳ ದನಿ ಅಲ್ಲೊಂದು ಇಲ್ಲೊಂದು ಚೂರು ಕೇಳಿತು. ಯಾರೋ ನಕ್ಕರು. ಯಾರೆಂದು ನನಗೆ ಗೊತ್ತು. ಅವರು ಸತ್ತಿದ್ದಾರೆ, ಬಿಡಿ.

ಹೀಗಿರುವಾಗ ವಿಲ್ಮೇ ಬಂದ.

ಉದ್ದನೆಯ ಮನುಷ್ಯ, ಬಿಸಿಲಲ್ಲೂ ಕೋಟು. ಜೊತೆಗೆ ಕ್ಯಾಮರಾದವರು, ಸದ್ದು ಹಿಡಿಯುವ ಯಂತ್ರದವನು, ಮತ್ತು ವಾರಿಜಾ ಎಂಬ ಪಟ್ಟಣದ ಹುಡುಗಿ. ಅವನು ತನ್ನ ಭಾಷೆಯಲ್ಲಿ ಬರೆದುಕೊಟ್ಟದ್ದನ್ನು ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು, ಅದನ್ನು ನಮ್ಮ ಹೆಡ್ ಮೇಷ್ಟ್ರು ಓದಿ ನಮಗೆ ತುಟಿಯಲ್ಲಿ ಹೇಳುತ್ತಿದ್ದರು. ನಮ್ಮ ತುಟಿ ಓದಲು ಹೊರಗಿನವರಿಗೆ ಬಾರದು. ಅವರಿಗೆ ಏನಾದರೂ ತಿಳಿಸಬೇಕೆಂದರೆ ಬರೆದೇ ತಿಳಿಸಬೇಕು, ಇಲ್ಲವಾದರೆ ಅರ್ಧ ದಿನ ಅವರು ಅದೇ ಜಾಗದಲ್ಲಿ ಕಾಯಬೇಕು. ಕಾಯುವವರು ಯಾರು?

ಅವನು ಬಂದದ್ದೇ ನಮ್ಮೂರಿನ ಸದ್ದಿಗಾಗಿ ಎಂದು ಮೇಷ್ಟ್ರು ಹೇಳಿದರು. ಚಿತ್ರ ಒಂದು ಕಡೆ, ದನಿ ಇನ್ನೊಂದು ಕಡೆ ಇರುವುದನ್ನು ಅವನು ಜೀವಮಾನವೆಲ್ಲ ಹುಡುಕಿದ್ದನಂತೆ. ಅವನ ಚಿತ್ರಗಳಲ್ಲಿ ನಟರಿಲ್ಲ, ಸಂಗೀತವಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನು ಹಿಡಿದು ತರುತ್ತಾನೆ. ಮುಖಕ್ಕಿಂತ ಕೈ, ಕಾಲು, ಬಾಗಿಲ ಚಿಲಕ, ನೆಲದ ಮೇಲಿಟ್ಟ ಚೆಂಬು ಇಂಥವನ್ನೇ ಹೆಚ್ಚು ತೆಗೆಯುತ್ತಾನೆ. ಪ್ರತಿ ಚಿತ್ರದಲ್ಲೂ ತಪ್ಪು ಮಾಡದ ಒಂದು ಜೀವ ಎಲ್ಲರಿಂದ ಏಟು ತಿನ್ನುತ್ತದೆ, ಯಾರನ್ನೂ ದೂರುವುದಿಲ್ಲ, ಕೊನೆಗೆ ಅದರ ಮುಖದ ಮೇಲೆ ಒಂದು ಬೆಳಕು ಬೀಳುತ್ತದೆ. ಇದನ್ನು ಕೇಳಿ ಗಿರಣಿಯ ಹೆಂಗಸೊಬ್ಬಳು, "ನಮ್ಮತ್ತೆಗೂ ಇದೇ ಆಸೆ ಇತ್ತು ಕಣವ್ವ, ಬೆಳ್ಕು ಬೀಳದೊಂದು ಬಾಕಿ," ಅಂದಳು. ನಾವೆಲ್ಲ ನಕ್ಕೆವು. ಮೇಷ್ಟ್ರು ಅದನ್ನು ಅವನಿಗೆ ಬರೆದು ತಿಳಿಸಲಿಲ್ಲ.

ಜವರಪ್ಪ ಗಿರಣಿಯ ಗೇಟನ್ನು ಅಗಲ ತೆಗೆಸಿದ. ತನ್ನ ಗಿರಣಿ ಪರದೇಶದಲ್ಲಿ ಕಾಣುತ್ತದಲ್ಲ. ಕಟ್ಟೆಯ ಮೇಲೆ ಕೆಂಪು ಬಟ್ಟೆಯವಳು ಮತ್ತೆ ನಿಂತಿದ್ದಳು, ಬಟ್ಟೆಯೂ ಹೊಸದು. ವಿಲ್ಮೇ ಹೆಂಗಸರಿಂದ ಮೊಟ್ಟೆ ಎತ್ತಿಸಿದ, ಇಳಿಸಿದ, ಮತ್ತೆ ಎತ್ತಿಸಿದ. ಬೆಳಗ್ಗಿಂದ ಬಿಸಿಲೇರುವ ತನಕ ಅದೇ. ಮುಖದಲ್ಲಿ ಏನೂ ಇರಬಾರದು, ದುಃಖ ಬೇಡ, ಯೋಚನೆ ಬೇಡ, ಖಾಲಿ ಮಾಡಿ ಎಂದು ಚೀಟಿಯ ಮೇಲೆ ಚೀಟಿ ಬಂತು. ಕೂಲಿಯವರ ಮುಖವನ್ನು ಇಷ್ಟು ಕಷ್ಟಪಟ್ಟು ಖಾಲಿ ಮಾಡಿಸಿದವನನ್ನು ನಾನು ಬೇರೆ ಕಾಣೆ. ಗಿರಣಿ ಆ ಕೆಲಸವನ್ನು ಮೊದಲೇ ಮಾಡಿ ಮುಗಿಸಿತ್ತು. ಬೇರೆ ಕೂಲಿಯಿಲ್ಲದೆ ಮತ್ತೆ ಅಲ್ಲಿಗೇ ಬರುತ್ತಿದ್ದ ದ್ಯಾವೀರಿಯನ್ನು ಕಂಡಾಗ ಅವನು ಎಲ್ಲರನ್ನೂ ಬದಿಗೆ ಸರಿಸಿದ. ಇವಳ ಮುಖ ಸಾಕು ಅಂದನಂತೆ.

ಅಂಗಳದಲ್ಲಿ ಅವಳನ್ನು ಒಬ್ಬಳನ್ನೇ ನಿಲ್ಲಿಸಿ ಕ್ಯಾಮರಾ ಬಿಟ್ಟರು. ಆಗ ನಾನೂ ಅಲ್ಲೇ ಕೂಲಿಗಿದ್ದೆ, ಬೇವಿನ ಮರದ ಹತ್ತಿರ ನಾರು ಹರಡುತ್ತಿದ್ದೆ, ಕಣ್ಣಾರೆ ನೋಡಿದೆ. ಅವಳು ನಾರಿನ ಕಟ್ಟು ಕೆಳಗಿಟ್ಟಳು. ಸೀದಾ ಆ ಗಾಜಿನ ಕಣ್ಣಿಗೆ ಮುಖ ಕೊಟ್ಟು ಹೇಳಿದಳು:

"ಪುಟ್ಟನಂಜಿ ನನ್ ಮಗಳು. ಕೂದ್ಲು ಬಿಟ್ಕೊಂಡಿರ್ಲಿಲ್ಲ, ನಾನೇ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದೆ. ಕೆಂಪ್ ಬಟ್ಟೆಯವಳ್ನ ಜವರಪ್ಪ ತನ್ ಮನೆ ಹಪ್ಪಳ ಒತ್ತಕ್ಕೆ ಕಳ್ಸಿದ್ದ. ಕಟ್ಟೆ ಮೇಲೆ ಯಾರೂ ಇರ್ಲಿಲ್ಲ. ಅವನೇ ಕೊಂದಿದ್ದು. ಹೊತ್ತು ಮುಳುಗಿದ್ ಮೇಲೆ ಇಲ್ಲೇ ಬಂದು ನಿಂತ್ಕಳಿ, ನನ್ ದನಿ ಬತ್ತದೆ, ಕೇಳಿ."

ಕೊನೆಯ ಮಾತಿಗೆ ಕೈಯನ್ನೂ ಸೇರಿಸಿದಳು. ಸೂರ್ಯನ ಕಡೆ ಕೈಯೆತ್ತಿ, ಅಲ್ಲಿಂದ ಪಡುವಣಕ್ಕೆ ಇಳಿಸಿ, ಬೆರಳನ್ನು ಕಾಲಡಿಯ ನೆಲಕ್ಕೆ ಊರಿ ತೋರಿಸಿದಳು. ಸಂಜೆ ಇಲ್ಲಿಗೆ ಬಾ ಎನ್ನುವುದಕ್ಕೆ ನಮ್ಮೂರಿನ ಕೂಸು ಕೂಡ ಮಾಡುವ ಸನ್ನೆ ಅದು. ವಿಲ್ಮೇ ಎದೆಯ ಮೇಲೆ ಕೈಯಿಟ್ಟು ಅವಳಿಗೆ ತಲೆ ಬಾಗಿಸಿದ. ವಾರಿಜಾಳ ಕಣ್ಣು ತೇವವಾಗಿತ್ತು. ತಿಳಿಯಿತು ಎಂದುಕೊಂಡೆವು. ಚಿತ್ರವನ್ನು ಯಾವ ಎಂಜಿನ್ನೂ ಮುಚ್ಚಲಾರದು ಎಂದು ದ್ಯಾವೀರಿ ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಮಗಳು ಹೋದ ಮೇಲೆ ಅವಳ ಮುಖ ಹಗುರಾದದ್ದನ್ನು ಅವತ್ತೇ ಕಂಡದ್ದು. ರಾತ್ರಿ ಅವನಿಗಾಗಿ ಗೇಟಿನ ಹೊರಗೆ ಕಾದೆವು. ಅವನು ಕೇಳಿದರೆ ಜವರಪ್ಪ ಬೀಗ ತೆಗೆಸದೆ ಇರುತ್ತಿರಲಿಲ್ಲ. ಅವನು ಬರಲಿಲ್ಲ. ಅವಳ ದನಿ ಗೋಡೆಯ ಮೇಲಿಂದ ಬಂತು, ಒಂದು ಅಕ್ಷರ ಬಿಡದೆ. ಕೇಳಿದವರು ನಾವಿಬ್ಬರು ಮತ್ತು ಕಾವಲುಗಾರ. ಅವನು ಬೀಡಿ ಹಚ್ಚಿಕೊಂಡ.

ಮರುವರ್ಷ ವಾರಿಜಾ ಚಿತ್ರದ ಡಬ್ಬಿಗಳನ್ನು ತಂದು, ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿಸಿ, ಸಂಜೆ ಊರಿಗೆಲ್ಲ ತೋರಿಸಿದಳು. ಜವರಪ್ಪ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ದ್ಯಾವೀರಿಯ ಮುಖ ಪರದೆಯಷ್ಟು ಅಗಲವಾಗಿ ಬಂತು. ಒಂದೊಂದು ತುಟಿ ಮೊಳದುದ್ದ. ಊರಿನ ಪ್ರತಿಯೊಬ್ಬರೂ ಆ ಮಾತನ್ನು ಓದಿದರು. ಮುಖ ತಿರುಗಿಸಲು ಯಾರಿಗೂ ಆಗಲಿಲ್ಲ, ಯಾಕೆಂದರೆ ಯಾರು ತಿರುಗಿಸುತ್ತಾರೆ ಎಂದು ಪಕ್ಕದವರು ನೋಡುತ್ತಿದ್ದರು. ಅವನೇ ಕೊಂದಿದ್ದು ಎಂಬಲ್ಲಿಗೆ ಬಂದಾಗ ನಾನು ಜವರಪ್ಪನ ಕತ್ತನ್ನೇ ನೋಡುತ್ತಿದ್ದೆ. ಅದು ಕೆಂಪಾಯಿತು. ಅವಳ ಕೈ ಸೂರ್ಯನ ಕಡೆ ಎದ್ದಿತು. ಅಲ್ಲಿಗೆ ಕತ್ತರಿಸಿದ್ದರು. ಪಡುವಣಕ್ಕೆ ಇಳಿದ ಕೈಯಿಲ್ಲ, ನೆಲಕ್ಕೆ ಊರಿದ ಬೆರಳಿಲ್ಲ. ಬರೀ ಎತ್ತಿದ ಕೈ, ಮೇಲೆ ಆಕಾಶ, ಮುಗಿಯಿತು. ಉಳಿದೆಡೆ ಜನ ಆಡಿದ ಒಂದೆರಡು ಮಾತಿಗೂ ಪರದೆಯ ಅಡಿಯಲ್ಲಿ ಬಿಳಿ ಅಕ್ಷರ ಹಾಕಿದ್ದರು. ಅವಳ ಮುಖದ ಅಡಿಯಲ್ಲಿ ಮಾತ್ರ ಒಂದೂ ಇರಲಿಲ್ಲ.

ಜವರಪ್ಪ ಏನೋ ಹೊಳೆದವನಂತೆ ಎದ್ದು ಚಪ್ಪಾಳೆ ತಟ್ಟಿದ. ಹೊರಗಿನವರಿಗೆ ಇದು ಬರೀ ಬಾಯಿ ಎಂದು ಅವನಿಗೆ ತಿಳಿದುಹೋಗಿತ್ತು. ಅವನು ತಟ್ಟಿದ ಮೇಲೆ ಊರೂ ತಟ್ಟಿತು. ನಮ್ಮವರೇ, ನಮ್ಮ ಬೀದಿಯವರೇ, ಮಗುವಿನ ಮಣ್ಣಿಗೆ ಬಂದವರೇ. ಮರುದಿನ ಬೆಳಗ್ಗೆ ನಾನು ಸಗಣಿ ಬುಟ್ಟಿ ಹೊತ್ತು ಆ ಬಯಲಿನ ಮೇಲೆ ಹೋಗುತ್ತಿದ್ದೆ. ಖಾಲಿ ಬಯಲಿನಲ್ಲಿ ಮೊದಲು ಚಿತ್ರದೊಳಗಿನ ಜೀರುಂಡೆ ಕೇಳಿತು, ಆಮೇಲೆ ಅದರೊಳಗೇ ಸೇರಿದ್ದ ಗಿರಣಿ ಕಾವಲುಗಾರನ ಗೊರಕೆ, ಆಮೇಲೆ ಚಪ್ಪಾಳೆ. ಎರಡು ಎಮ್ಮೆಗಳು ತಲೆಯೆತ್ತಿ ನೋಡಿದವು. ಬುಟ್ಟಿ ಕೆಳಗಿಟ್ಟು, ಅದು ನಿಲ್ಲುವವರೆಗೂ ಅಲ್ಲೇ ನಿಂತೆ.

ನೀವು ಯಾಕೆ ಸಂತೋಷವಾಗಿಲ್ಲ ಎಂದು ವಾರಿಜಾ ಚೀಟಿ ಬರೆದು ಕೇಳಿದಳು. ನಾನು ಹೆಡ್ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ದ್ಯಾವೀರಿ ಆಡಿದ್ದು ಇಂಥದ್ದು, ಬರೆದುಕೊಡಿ ಅಂದೆ. ಮೇಷ್ಟ್ರು ಗೇಣುದ್ದ ಒಂದು ಸಾಲು ಬರೆದರು. ನನಗೆ ಅಕ್ಷರ ಬಾರದಿದ್ದರೂ ಅಳತೆ ಬರುತ್ತಿತ್ತು. ನಾನು ಹೇಳಿದ್ದು ಅಷ್ಟು, ನೀವು ಬರೆದದ್ದು ಇಷ್ಟೇ ಯಾಕೆ ಎಂದು ಕೇಳಿದೆ. ಬರಹದಲ್ಲಿ ಎಲ್ಲ ಚಿಕ್ಕದಾಗುತ್ತದಮ್ಮ ಅಂದರು. ಊರಿಗೆ ಹೆಮ್ಮೆಯಾಗಿದೆ ಎಂದು ಬರೆದಿದ್ದರು. ಅದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಅದೇ ಶಾಲೆಯಲ್ಲಿ ರಾತ್ರಿ ಪಾಠ ಶುರುವಾಗಿ, ನಾನು ಓದು ಕಲಿತು, ವಾರಿಜಾ ಆ ಚೀಟಿಯನ್ನು ನನಗೆ ವಾಪಸು ಕಳಿಸಿದಾಗ.

ರಾತ್ರಿಶಾಲೆಯ ಬೆಂಚುಗಳು ಮಕ್ಕಳವು, ಮಂಡಿ ಹಿಡಿಸುತ್ತಿರಲಿಲ್ಲ. ನಾವು ಮುದುಕಿಯರು ರಾತ್ರಿ ಹೇಳಿಕೊಂಡ ಅಆಇಈ ಬೆಳಗ್ಗೆ ಮಕ್ಕಳು ಕೂತಾಗ ಕೇಳುತ್ತಿತ್ತು. ಅವು ನಗುತ್ತಿದ್ದವಂತೆ. ನಗಲಿ. ಒತ್ತಕ್ಷರಕ್ಕೆ ಬಂದಾಗ ನನ್ನ ಜೊತೆಯವರೆಲ್ಲ ಬಿಟ್ಟರು. ನಿಮಗೆ ಬಹಳ ತಾಳ್ಮೆ ಎಂದು ಟೀಚರಮ್ಮ ಹೊಗಳಿದಳು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಿಟ್ಟು ಅಷ್ಟು ಉದ್ದ ಇದ್ದುದರಿಂದ ಕೂತಿದ್ದೆ, ಅಷ್ಟೆ.

ಕಲಿತ ಮೇಲೆ ಮೊದಲು ಬರೆದದ್ದು ವಾರಿಜಾಳಿಗೆ. ಅವಳ ಉತ್ತರ ದಪ್ಪಗಿತ್ತು. ದ್ಯಾವೀರಮ್ಮ ಆಡಿದ್ದು ಪ್ರಾರ್ಥನೆ ಎಂದುಕೊಂಡಿದ್ದೆ, ಎಷ್ಟು ಸಲ ನೋಡಿ ಅತ್ತಿದ್ದೇನೋ, ನನ್ನನ್ನು ಮನ್ನಿಸಿ ಎಂದಿದ್ದಳು. ನನ್ನ ಕಾಗದ ತಲುಪಿದ ಕೂಡಲೇ ವಿಲ್ಮೇಗೆ ತಿಳಿಸಿದಳಂತೆ. ಅವನು ಹೇಳಿದ್ದನ್ನು ಇದ್ದ ಹಾಗೆ ಬರೆದಿದ್ದಳು: ಆ ಹೆಂಗಸು ಏನೋ ಹೇಳುತ್ತಿದ್ದಾಳೆ ಎಂದು ನನಗೆ ಅಂದೇ ಗೊತ್ತಿತ್ತು; ಏನೆಂದು ನನಗೆ ತಿಳಿಸಬೇಡಿ ಎಂದು ನನ್ನವರಿಗೆ ಹೇಳಿದ್ದೆ; ಮಾತು ತಿಳಿದರೆ ಆ ಮುಖ ನನ್ನ ಕೈ ತಪ್ಪಿಹೋಗುತ್ತದೆ. ಆ ಮುಖದ ಮೇಲೆ ನಾನು ಅಕ್ಷರ ಹಾಕುವುದಿಲ್ಲ.

ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಮೇಲೆ ನಾನು ಇಷ್ಟು ವರ್ಷ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಅವನ ವಿಳಾಸವನ್ನು ವಾರಿಜಾ ಕೊಟ್ಟಿದ್ದಳು. ಕಾಗದ ಬರೆದೆ, ಪೂಜ್ಯರೇ ಎಂದು ಶುರುಮಾಡಿ. ದ್ಯಾವೀರಿ ಓದಿಸಿಕೊಂಡು ಹರಿದುಹಾಕಿದಳು. ಬೇರೆ ಬರೆದೆ, ದಯವಿಟ್ಟು ಅವಳ ಮಾತನ್ನು ಹಾಕಿ ಎಂದು. ಅದನ್ನೂ ಹರಿದಳು. ಅವನನ್ನು ಬೇಡಿಕೊಳ್ಳಬೇಡ, ಹಾಕದಿದ್ದರೆ ನನ್ನ ಮುಖ ಕಿತ್ತುಕೊಡು ಎಂದು ಬರಿ ಎಂಬುದು ಅವಳ ಹಟ. ನನಗೆ ಕೈ ಬರಲಿಲ್ಲ. ಆ ಮಾತು ಅವಳ ತುಟಿಯ ಮೇಲೆ ಉಳಿದಿರುವುದು ಪ್ರಪಂಚದಲ್ಲಿ ಅದೊಂದೇ ಕಡೆ. ಕಿತ್ತುಬಿಟ್ಟರೆ ಪುಟ್ಟನಂಜಿಯ ಪರವಾಗಿ ಏನು ಉಳಿಯಿತು? ಜವರಪ್ಪ ಸತ್ತ. ಈಗ ಗಿರಣಿ ಅವನ ಮಗನದು. ಕೆಂಪು ಬಟ್ಟೆಯ ಕಟ್ಟೆಯ ಮೇಲೆ ನೀರಿನ ಡ್ರಮ್ಮು ಇಟ್ಟಿದ್ದಾರೆ. ಹೀಗೆ ಅವಳು ಒಂದು, ನಾನೊಂದು ಅನ್ನುತ್ತಾ, ಕಾಗದ ಮನೆಯಲ್ಲೇ ಉಳಿಯಿತು.

ಇವತ್ತು ಪೇಪರನ್ನು ನಡುವೆ ಇಟ್ಟುಕೊಂಡು ಮತ್ತೆ ಅದೇ ಜಗಳ ತೆಗೆದೆವು. ಅಲ್ಲೊಂದೇ ಕಡೆ ಕಣೆ ನಿನ್ನ ಮಾತು ಇರೋದು ಅಂದೆ.

"ಅಲ್ಲಿ ನನ್ ಮಾತಿಲ್ಲ ಅಕ್ಕ. ಬಾಯಿ ಅದೆ, ಅಷ್ಟೆ," ಅಂದಳು. "ಇಷ್ಟ್ ವರ್ಸ ಮೂಕಿ ಮಾಡಿದ್ರು, ಹೋಗ್ಲಿ ಅಂದೆ. ಈಗ ಕ್ಷಮಿಸ್ದೆ ಅಂತಾವ್ರೆ. ಪುಟ್ಟನಂಜಿ ಸತ್ತಿದ್ದನ್ನ ನಾನು ಕ್ಷಮಿಸ್ದೆ ಅಂತ ಊರೂರು ತೋರಿಸ್ಕಂಡು ಹೋಯ್ತಾವ್ರೆ. ನೀನು ಅದನ್ನ ಉಳಿಸ್ಕಬೇಕು ಅಂತೀಯ. ಏನ್ ಉಳಿಸ್ಕತ್ತೀಯಕ್ಕ ನೀನು?"

ನಾನು ಎದ್ದು ಕೈ ತೊಳೆದು, ಟ್ರಂಕಿನಿಂದ ಹಾಳೆ ತೆಗೆದುಕೊಂಡು ಬಂದು, ಮಣೆಯ ಮೇಲಿಟ್ಟುಕೊಂಡು ಬರೆದೆ.

"ವಿಲ್ಮೇ ಅವರಿಗೆ. ನನ್ನ ತಂಗಿ ದ್ಯಾವೀರಮ್ಮ ಯಾರನ್ನೂ ಕ್ಷಮಿಸಿಲ್ಲ. ಅವಳು ಆಕಾಶವನ್ನು ತೋರಿಸಲಿಲ್ಲ, ಹೊತ್ತು ತೋರಿಸಿದಳು. ಆ ಹೊತ್ತಿಗೆ ನೀವು ಬರಲಿಲ್ಲ. ಅವಳು ಆಡಿದ ಮಾತನ್ನು ಕೆಳಗೆ ಬರೆದಿದ್ದೇನೆ. ಉತ್ಸವದ ಮೊದಲು ಅದನ್ನು ಅವಳ ಮುಖದ ಅಡಿಯಲ್ಲಿ ಹಾಕಿ, ಅವಳ ಹೆಸರನ್ನೂ ಅವಳ ಮಗಳ ಹೆಸರನ್ನೂ ಹಾಕಿ. ಹಾಕದಿದ್ದರೆ ಅವಳ ಮುಖವನ್ನು ಕತ್ತರಿಸಿ ತೆಗೆಯಿರಿ. ಕತ್ತರಿಸುವುದು ನಿಮಗೆ ಬರುತ್ತದೆ. ನಿಮಗೆ ಕನ್ನಡ ಬಾರದು. ಓದಬಲ್ಲವರನ್ನು ಹುಡುಕಿಕೊಂಡು ಹೋಗಿ, ಕಾದು ಕೂತು ಓದಿಸಿಕೊಳ್ಳಿ. ನಾವೂ ಹಾಗೇ ಮಾಡಿದ್ದು."

ಅದರ ಕೆಳಗೆ ಅವಳ ಮಾತು. ಅವಳು ಎದುರಿಗೆ ಕೂತು ಮತ್ತೊಮ್ಮೆ ಹೇಳಿದಳು, ನಾನು ತುಟಿ ನೋಡಿಕೊಂಡು ಬರೆದೆ. ಜಡೆಗೆ ಎಣ್ಣೆ ಹಚ್ಚಿದ್ದನ್ನು ಬಿಡಬೇಡ ಎಂದಳು. ಬಿಡಲಿಲ್ಲ. ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದೆವು. ಹಾಗೇ ಕಾಳಿನ ಮೇಲೆ ಒಂದು ಮೊರ ಮುಚ್ಚಿ, ಸೆರಗು ಸರಿಮಾಡಿಕೊಂಡು ಪೋಸ್ಟಾಫೀಸಿಗೆ ಹೊರಟೆವು. ದಾರಿಯಲ್ಲಿ ಎರಡು ಕಡೆ ಅವಳು ಕೂತು ಸುಧಾರಿಸಿಕೊಂಡಳು. ನಾಳೆ ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ ಮುಖ ತಿರುಗಿಸಿಕೊಂಡಳು.

ಪೋಸ್ಟಾಫೀಸಿನ ಹುಡುಗ ಊರಿನವನೇ, ಕೆಲಸಕ್ಕೆ ಹೊಸಬ. ವಿಳಾಸ ನೋಡಿ, ಇಷ್ಟು ದೂರ ಯಾರಿದ್ದಾರಜ್ಜಿ, ಮೊಮ್ಮಗನಾ ಎಂದು ತುಟಿಯಲ್ಲೇ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ದ್ಯಾವೀರಿ ಹೇಳಿದಳು:

"ಮೊಮ್ಮಗನೂ ಅಲ್ಲ ಮೊಳಕೈಯೂ ಅಲ್ಲ ಕಣಪ್ಪ. ನನ್ ಬಾಯಿ ಅವ್ನ ಹತ್ರ ಅದೆ. ಇಸ್ಕೋಬೇಕು."

ಹುಡುಗ ಅವಳನ್ನೂ ನನ್ನನ್ನೂ ನೋಡಿದ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ತೂಕ ಹಾಕಿ, ಸ್ಟಾಂಪುಗಳನ್ನು ಸಾಲಾಗಿ ಅಂಟಿಸಿ, ಮುದ್ರೆ ಎತ್ತಿ ಒತ್ತಿದ. ಕಾಗದವನ್ನು ಚೀಲಕ್ಕೆ ಹಾಕಿದ. ಇನ್ನು ಮನೆಗೆ ನಡಿ ಅಂದೆ. ಬಸ್ಸು ಬರಲಿ ಅಂದಳು. ಬಿಸಿಲಲ್ಲಿ ಕಂಬಕ್ಕೆ ಒರಗಿ ನಿಂತೆವು. ಮಧ್ಯಾಹ್ನದ ಬಸ್ಸು ಬಂತು. ಹುಡುಗ ಚೀಲದ ಬಾಯಿ ಬಿಗಿದು ಕಂಡಕ್ಟರನ ಕೈಗೆ ಕೊಟ್ಟ, ಕಂಡಕ್ಟರ ಅದನ್ನು ಡ್ರೈವರನ ಹಿಂದೆ ಎಸೆದು ಬಾಗಿಲು ಎಳೆದುಕೊಂಡ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾದ ಮೇಲೆಯೇ ದ್ಯಾವೀರಿ ನನ್ನ ತೋಳು ಹಿಡಿದದ್ದು.